ಅತ್ತೆಯ ಎಡಗಾಲ ಚಪ್ಪಲಿ

ನನ್ನ ಅತ್ತೆಗೆ ಐವತ್ತೆಂಟು ವರ್ಷ. ಇಪ್ಪತ್ತಾರು ವರ್ಷದಿಂದ, ನಾಟಿಯ ಕಾಲ ಬಂತೆಂದರೆ, ಅವರನ್ನು ಮನೆಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಟ್ರ್ಯಾಕ್ಟರಿನ ಬೆನ್ನಿಗೆ ಕಟ್ಟಿದ ಆಲೂಗಡ್ಡೆ ನೆಡುವ ಯಂತ್ರದ ಮೇಲೆ, ಊಟದ ತಟ್ಟೆಯಷ್ಟೇ ಅಗಲದ ಕಬ್ಬಿಣದ ಸೀಟಿನಲ್ಲಿ ಕೂತಿರುತ್ತಾರೆ. ಮುಂದೆ ಟ್ರ್ಯಾಕ್ಟರ್ ಓಡಿಸುವವರು ಮಾವ. ಅತ್ತೆಯ ಕೈಯಲ್ಲೊಂದು ಮೊಂಡು ಕೋಲು. ಬೀಜದ ಗಡ್ಡೆ ತುಂಬಿದ ತೊಟ್ಟಿಗೆ ಅದರಿಂದ ಒಂದು ಸಲ ಬಡಿದರೆ ನಿಲ್ಲಿಸಬೇಕು, ಎರಡು ಸಲ ಬಡಿದರೆ ಹೊರಡಬೇಕು. ಮೂರು ಸಲ ಬಡಿದರೆ ಏನರ್ಥ ಎಂದು ಒಮ್ಮೆ ಮಾವನನ್ನು ಕೇಳಿದೆ.

"ಮೂರು ಬಡಿದ್ರೆ ಏನೂ ಕೇಳಬಾರದು, ಸುಮ್ನೆ ತಿರುಗಿ ಅವಳ ಮುಖ ನೋಡಬೇಕು. ಮುಂದೆ ಕೂತಿರೋನು ನಾನೇ ಕಣಮ್ಮ, ಆದ್ರೆ ಗಾಡಿ ಹಿಂದಿನಿಂದ ಓಡುತ್ತೆ" ಅಂದರು.

ಈ ಕೋಲಿನಿಂದಲೇ ಸುತ್ತಲಿನ ಹೊಲದವರು ಅವರಿಗೆ ಟಕಟಕಮ್ಮ ಎಂದು ಹೆಸರಿಟ್ಟಿದ್ದಾರೆ. ಎದುರಿಗೇ ಹಾಗೆ ಕರೆಯುತ್ತಾರೆ. ಅವರೂ "ಏನಪ್ಪ" ಎಂದು ಓಗೊಡುತ್ತಾರೆ.

ನಾನು ಬೆಳೆದದ್ದು ನಗರದ ಮೂರನೇ ಮಹಡಿಯಲ್ಲಿ. ಆಲೂಗಡ್ಡೆಗೂ ನನಗೂ ಅಡುಗೆಮನೆಯ ಬುಟ್ಟಿಯಾಚೆಗೆ ಯಾವ ನಂಟೂ ಇರಲಿಲ್ಲ. ಮದುವೆಯಾಗಿ ಬಂದ ಮೊದಲ ವಾರ ಅಂಗಳದಲ್ಲಿ ಹಳೆಯ ಬೆಡ್‌ಶೀಟ್ ಹಾಸಿ, ಅದರ ಮೇಲೆ ಸರಪಳಿ, ಹಲ್ಲುಗಾಲಿ, ಬೋಲ್ಟುಗಳನ್ನು ಸಾಲಾಗಿ ಜೋಡಿಸಿಟ್ಟು ಕೂತಿದ್ದ ಅತ್ತೆಯನ್ನು ನೋಡಿ, ಇದನ್ನೆಲ್ಲ ಮತ್ತೆ ಸೇರಿಸೋಕೆ ಯಾರು ಬರ್ತಾರೋ ಎಂದು ನಾನೇ ದಾರಿ ಕಾದಿದ್ದೆ. ಯಾರೂ ಬರಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಯಂತ್ರ ಮತ್ತೆ ಯಂತ್ರವಾಗಿತ್ತು. ಒಂದು ವಾಷರ್ ಕೂಡ ಉಳಿದಿರಲಿಲ್ಲ.

ಇದನ್ನು ಅವರಿಗೆ ಯಾರೂ ಕಲಿಸಿದ್ದಲ್ಲ. ಯಂತ್ರ ಮನೆಗೆ ಬಂದ ಮೊದಲ ವರ್ಷ ಕೆಟ್ಟು ನಿಂತಾಗ ಮೆಕ್ಯಾನಿಕ್ ನಾಲ್ಕು ದಿನ ಬರಲಿಲ್ಲವಂತೆ. ಐದನೇ ದಿನ ಬಂದಾಗ ಅತ್ತೆ ಹೊಲದಲ್ಲಿ ಅರ್ಧ ನಾಟಿ ಮುಗಿಸಿದ್ದರಂತೆ. "ಯಾರು ಬಿಚ್ಚಿದ್ದು ಇದನ್ನ?" ಎಂದು ಅವನು ರೇಗಿದನಂತೆ. "ಬಿಚ್ಚಿದ್ದನ್ನ ಯಾಕೆ ಕೇಳ್ತೀಯ, ಕಟ್ಟಿದ್ದನ್ನ ನೋಡು" ಅಂದರಂತೆ ಇವರು. ಈಗ ಆ ಮೆಕ್ಯಾನಿಕ್ಕೇ ಬೇರೆಯವರ ಯಂತ್ರ ಕೈಕೊಟ್ಟಾಗ ಅತ್ತೆಗೆ ಫೋನ್ ಮಾಡುತ್ತಾನೆ.

ಯಂತ್ರ ಕೆಲಸ ಮಾಡುವುದು ಹೀಗೆ. ಎರಡು ಸಾಲಿಗೆ ಎರಡು ಸರಪಳಿ. ಪ್ರತಿ ಸರಪಳಿಯ ಮೇಲೂ ಸಣ್ಣ ಬಟ್ಟಲುಗಳು. ಯಂತ್ರದ ಚಕ್ರ ನೆಲದ ಮೇಲೆ ಉರುಳಿದಂತೆ ಸರಪಳಿ ಸುತ್ತುತ್ತದೆ. ಬಟ್ಟಲೊಂದು ತೊಟ್ಟಿಯೊಳಗಿಂದ ಒಂದು ಗಡ್ಡೆ ಎತ್ತಿಕೊಂಡು ಮೇಲೇರಿ, ಆಚೆ ಕಡೆ ಕೊಳವೆಯಲ್ಲಿ ಇಳಿದು, ಸೀಳಿದ ಮಣ್ಣಿಗೆ ಬೀಳಿಸುತ್ತದೆ. ಹಿಂದಿನ ತಟ್ಟೆಗಳು ಮಣ್ಣು ಮುಚ್ಚುತ್ತವೆ. ಗೇಣಿಗೊಂದು ಗಡ್ಡೆ. ಬಟ್ಟಲಲ್ಲಿ ಎರಡು ಗಡ್ಡೆ ಕೂತರೆ ಒಂದನ್ನು ಉದುರಿಸಲು ಪ್ರತಿ ಸರಪಳಿಯನ್ನೂ ಅಲುಗಿಸುವ ಒಂದೊಂದು ತೋಳಿದೆ. ಅದು ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ಅತ್ತೆ ಅದಕ್ಕಿಟ್ಟ ಹೆಸರು ಸೊಸೆ. ನಾನು ಈ ಮನೆಗೆ ಬರುವುದಕ್ಕೆ ಇಪ್ಪತ್ತು ವರ್ಷ ಮೊದಲೇ ಇಟ್ಟದ್ದು ಎಂದು ಮಾವ ಆಣೆ ಮಾಡಿ ಹೇಳುತ್ತಾರೆ. ನಂಬಿದ್ದೇನೆ.

ಈಗ ಹೇಳಬೇಕಾದ ಸಂಗತಿಗೆ ಬರುತ್ತೇನೆ. ಈ ವರ್ಷ ಬೆಳೆಗಾರರ ಸಂಘ ಒಂದು ಹೊಸ ನಿಯಮ ಮಾಡಿತು. ಸಂಘದ ಎಲ್ಲ ಹೊಲಗಳ ನಾಟಿ ಇನ್ನು ಮುಂದೆ ಒಂದೇ ಯಂತ್ರಕ್ಕೆ. ಪಟ್ಟಣದವರು ತಂದ ಹೊಸ ಯಂತ್ರವೊಂದು ಆಗಲೇ ಸಂಘದ ಅಂಗಳದಲ್ಲಿ ನಿಂತಿತ್ತು. ಅದರಲ್ಲಿ ಅಂಕಿ ತೋರಿಸುವ ಪರದೆಯೂ ಇತ್ತು. ಹಳೆಯದಕ್ಕೂ ಒಂದು ಅವಕಾಶ ಇರಲಿ ಎಂದು ಪರೀಕ್ಷೆ ಇಟ್ಟರು. ಸಾಲಿನ ಆರಂಭದಿಂದ ನೂರು ಜಾಗ ಅಗೆದು ನೋಡುತ್ತಾರೆ. ಖಾಲಿ ಜಾಗ ಐದಕ್ಕಿಂತ ಹೆಚ್ಚಿರಬಾರದು. ಹೆಚ್ಚಿದ್ದರೆ ಅತ್ತೆಯ ಇಪ್ಪತ್ತಾರು ವರ್ಷ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತದೆ, ಅಷ್ಟೇ.

ನನ್ನ ನಿದ್ದೆ ಹಾರಿಹೋಯಿತು. ಅತ್ತೆಯದು ಹಾರಲಿಲ್ಲ. "ಪರದೆ ಇದ್ರೆ ಇರಲಿ ಬಿಡು, ನನಗೆ ಕಾಲಿದೆ" ಅಂದರು. ಆಗ ನನಗೆ ಅರ್ಥವಾಗಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಅವರು ಯಂತ್ರವನ್ನು ಅಂಗಳಕ್ಕೆ ತಂದರು. ಗ್ರೀಸ್ ಹಾಕಿದರು, ಸರಪಳಿಯನ್ನು ಹೆಬ್ಬೆರಳಿಂದ ಒತ್ತಿ ಬಿಗಿ ನೋಡಿದರು, ಚಕ್ರದ ಗಾಳಿ ನೋಡಿದರು. ಆಮೇಲೆ ಬೀಜದ ಗಡ್ಡೆಗಳನ್ನು ನೋಡಲು ಒಳಗೆ ಹೋದರು. ಎರಡು ದಿನದ ಹಿಂದೆ ತುಂಡು ಮಾಡಿ ಹರಡಿದ ಗಡ್ಡೆಗಳು. ಕೊಯ್ದ ಮೈ ಒಣಗಿ ಸಿಪ್ಪೆ ಕಟ್ಟುವವರೆಗೆ ಅವನ್ನು ತೊಟ್ಟಿಗೆ ಹಾಕುವಂತಿಲ್ಲ, ಹಸಿಯಾಗಿದ್ದರೆ ಬಟ್ಟಲಿಗೆ ಅಂಟುತ್ತವೆ.

ನಾನು ಬಟ್ಟೆ ಒಣಗಹಾಕುತ್ತಿದ್ದೆ. ಒಂದೂವರೆ ವರ್ಷದ ನನ್ನ ಮಗಳು ಪಕ್ಕದಲ್ಲೇ ಇದ್ದಳು. ಪಕ್ಕದಲ್ಲೇ ಇದ್ದಳು ಎಂದು ನಾನು ಅಂದುಕೊಂಡಿದ್ದೆ. ತಿರುಗಿ ನೋಡಿದರೆ ಯಂತ್ರದ ಕೆಳಗೆ ಕೂತು ಏನೋ ಜಗಿಯುತ್ತಿದ್ದಾಳೆ! ಬಾಯಿಗೆ ಬೆರಳು ಹಾಕಿ ಎಳೆದರೆ, ಬೆರಳುದ್ದದ ಒಂದು ರಬ್ಬರ್ ತುಂಡು. ಮೂತಿಯೆಲ್ಲ ಗ್ರೀಸಿನ ಕಪ್ಪು. ಎಲ್ಲಿಂದ ಬಂತು ಎಂದೂ ನೋಡಲಿಲ್ಲ. ತುಂಡನ್ನು ಕಸದ ಬುಟ್ಟಿಗೆ ಎಸೆದೆ. ಅವಳ ಬಾಯಿಯನ್ನು ಮೂರು ಸಲ ತೊಳೆದೆ, ಆಸ್ಪತ್ರೆಗೆ ಎರಡು ಸಲ ಫೋನ್ ಮಾಡಿದೆ. ಹೆದರುವಂಥದ್ದೇನಿಲ್ಲ, ನೀರು ಕುಡಿಸಿ, ಮಗುವನ್ನು ಗಮನಿಸ್ತಾ ಇರಿ ಎಂದರು. ಕಸದ ಗಾಡಿ ಬಂದು ಬುಟ್ಟಿ ಖಾಲಿ ಮಾಡಿಕೊಂಡು ಹೋಯಿತು. ಅತ್ತೆಗೆ ಹೇಳಲಿಲ್ಲ. ಮಗುವನ್ನು ಯಂತ್ರದ ಹತ್ತಿರ ಬಿಟ್ಟೆ ಎಂದು ಹೇಳಿಕೊಳ್ಳಲು ನಾಚಿಕೆಯಾಯಿತು. ಅದು ಬರೀ ಒಂದು ರಬ್ಬರ್ ಚೂರು ತಾನೇ ಎಂದುಕೊಂಡೆ.

ಬೆಳಿಗ್ಗೆ ಹೊಲದ ತುದಿಯಲ್ಲಿ ಸಂಘದ ಮೇಲ್ವಿಚಾರಕರು ಟೇಪು ಹಿಡಿದು ನಿಂತಿದ್ದರು. ಒಳ್ಳೆಯ ಮನುಷ್ಯ, ಆದರೆ ನಗು ಮಾತ್ರ ಮನೆಯಲ್ಲಿಟ್ಟು ಬರುತ್ತಾರೆ. ಸುತ್ತ ಹತ್ತಿಪ್ಪತ್ತು ಬೆಳೆಗಾರರು. ಮಗಳನ್ನು ಸೊಂಟಕ್ಕೆ ಬಿಗಿಯಾಗಿ ಒತ್ತಿಕೊಂಡು ನಾನು.

"ಎಡಸಾಲು ಅಗೀತೀವಮ್ಮ" ಎಂದರು ಮೇಲ್ವಿಚಾರಕರು.

"ಯಾವುದಾದ್ರೂ ಅಗೀರಿ. ಆಲೂಗಡ್ಡೆಗೇನು ಎಡ ಬಲ ಗೊತ್ತಾ?" ಅತ್ತೆ ಸೀಟಿಗೇರಿ ಎರಡು ಸಲ ಬಡಿದರು. ಟ್ರ್ಯಾಕ್ಟರ್ ಹೊರಟಿತು.

ಹತ್ತು ಹೆಜ್ಜೆ ಹೋಗಿರಲಿಲ್ಲ, ಟಕ್ ಎಂದು ಒಂದೇ ಏಟು. ಟ್ರ್ಯಾಕ್ಟರ್ ನಿಂತಿತು. ಅತ್ತೆ ಇಳಿದು, ಬಗ್ಗಿ, ಎಡಗಡೆಯ ಅಲುಗಾಡುವ ತೋಳಿನ ಕೆಳಗೆ ಕೈ ಹಾಕಿದರು. ಅಲ್ಲಿ ಒಂದು ತಂತಿ ಖಾಲಿಯಾಗಿ ಜೋತಾಡುತ್ತಿತ್ತು.

"ಎಡಗಡೆ ಸೊಸೆಗೆ ಹುಚ್ಚು ಹಿಡಿದಿದೆ ಕಣ್ರೀ. ಮೆತ್ತೆ ಇಲ್ಲ. ಎರಡನ್ನ ಉದುರಿಸು ಅಂದ್ರೆ, ಇರೋ ಒಂದನ್ನೂ ಉದುರಿಸ್ತಿದ್ದಾಳೆ" ಎಂದು ಮಾವನಿಗೆ ಕೂಗಿ ಹೇಳಿದರು.

ನಾನು ಕಸಕ್ಕೆಸೆದ ರಬ್ಬರ್ ಚೂರು ಅದೇ. ತುಂಡು ಮಾಡಿದ ಗಡ್ಡೆ ಹಗುರ. ತೋಳು ಜೋರಾಗಿ ಬಡಿದರೆ ಬಟ್ಟಲಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಅತ್ತೆ ಹಳೆಯ ಚಪ್ಪಲಿಯ ಹಿಮ್ಮಡಿಯಿಂದ ರಬ್ಬರ್ ಕತ್ತರಿಸಿ, ತೋಳಿನಡಿ ಮೆತ್ತೆಯ ಹಾಗೆ ತಂತಿಯಲ್ಲಿ ಕಟ್ಟಿಟ್ಟಿದ್ದರು. ಯಂತ್ರದ ಪುಸ್ತಕದಲ್ಲಿ ಅದಿಲ್ಲ. ಅವರ ತಲೆಯಲ್ಲಿತ್ತು.

ಎಲ್ಲರೂ ನೋಡುತ್ತಿರುವಾಗಲೇ ಉಳುಮೆಯ ಮಣ್ಣಿನಲ್ಲಿ ಎಡವಿಕೊಂಡು ಓಡಿದೆ. "ಅತ್ತೆ, ನಾನೇ... ನಿನ್ನೆ ಇವಳು ಅದನ್ನ ಕಿತ್ತು ಬಾಯಿಗೆ ಹಾಕ್ಕೊಂಡಿದ್ಲು. ನಾನು ಬಿಸಾಕಿಬಿಟ್ಟೆ. ಹೇಳ್ಲಿಲ್ಲ..."

ಅತ್ತೆ ನನ್ನ ಮುಖ ನೋಡಲಿಲ್ಲ, ಮಗಳ ಬಾಯಿ ನೋಡಿದರು. "ನುಂಗಲಿಲ್ಲ ತಾನೆ?"

"ಇಲ್ಲ."

"ಮತ್ತೆ ಅಳೋದ್ಯಾಕೆ? ಆ ಸಲಕರಣೆ ಪೆಟ್ಟಿಗೇಲಿ ಚಾಕು ಇದೆ, ಕೊಡು."

ಎಡಗಾಲಿನ ಚಪ್ಪಲಿ ಬಿಚ್ಚಿದರು. ಕೊಂಡು ತಿಂಗಳೂ ಆಗಿರಲಿಲ್ಲ. ಸೀಟಿನ ಅಂಚಿಗೆ ಒತ್ತಿ ಹಿಡಿದು, ಹಿಮ್ಮಡಿಯಿಂದ ಬೆರಳುದ್ದ ಕತ್ತರಿಸಿದರು. ತೋಳಿನಡಿ ತೂರಿಸಿ, ತಂತಿ ಎರಡು ಸುತ್ತು ಸುತ್ತಿ, ಇಕ್ಕಳದಿಂದ ತಿರುಚಿದರು. ಚಕ್ರವನ್ನು ನೆಲದಿಂದ ಎತ್ತಿಸಿ ಕೈಯಲ್ಲೇ ಒಂದು ಸುತ್ತು ತಿರುಗಿಸಿ ನೋಡಿದರು. ಎಲ್ಲ ಸೇರಿ ಒಂದು ಚಹಾ ಆರುವಷ್ಟು ಹೊತ್ತು.

ಮೇಲ್ವಿಚಾರಕರು ಹತ್ತಿರ ಬಂದರು. "ಅಮ್ಮ, ಬೇಕಾದ್ರೆ ಹೊಸ ಸಾಲು ಶುರು ಮಾಡಿ. ಇದನ್ನ ಲೆಕ್ಕಕ್ಕೆ ಹಿಡಿಯಲ್ಲ."

ಹೂಂ ಅನ್ನಿ ಅತ್ತೆ, ಹೂಂ ಅನ್ನಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ನಾಳೆ ಯಾರದೋ ಹೊಲದಲ್ಲಿ ಹೀಗಾದ್ರೆ ನೀವು ಹೊಸ ಹೊಲ ಕೊಡ್ತೀರಾ?" ಅಂದರು ಅತ್ತೆ. "ಇಲ್ಲಿಂದಲೇ ಎಣಿಸಿ. ಹಾಳಾಗಿರೋದು ನಾಲ್ಕು."

"ಅಗೆಯದೇ ಹೇಗೆ ಗೊತ್ತು?"

"ಐದಾಗೋಕೆ ನಾನು ಬಿಟ್ಟಿದ್ರೆ ತಾನೇ."

ಬರಿಯ ಎಡಗಾಲನ್ನು ಕೊಳವೆಯ ಪಕ್ಕದ ಕಬ್ಬಿಣದ ಪಟ್ಟಿಯ ಮೇಲಿಟ್ಟು ಕೂತರು, ಬಲಗಾಲಲ್ಲಿ ಚಪ್ಪಲಿ. ಟಕ್ ಟಕ್. ಈ ಸಲ ಯಂತ್ರ ಹೊಲದ ಆ ತುದಿಯವರೆಗೆ ನಿಲ್ಲಲಿಲ್ಲ. ಇಳಿದು ಬಂದು, ಸೀರೆಯ ಧೂಳು ಕೊಡವಿ, ಯಾರೂ ಕೇಳದೆ ತಾವೇ ಹೇಳಿದರು: "ಇನ್ನೊಂದು ಖಾಲಿ ಇದೆ. ಆ ಬದುವಿನ ಬಿಳಿ ಕಲ್ಲಿನ ನೇರಕ್ಕೆ, ಒಂದೆರಡು ಗೇಣು ಆಚೆ ಈಚೆ."

"ಅತ್ತೆ!" ನಾನು ಅವರ ಸೆರಗು ಎಳೆದೆ. "ಯಾಕೆ ಹೇಳ್ತೀರಿ? ಟೇಪು ಅಲ್ಲೀತನಕ ಬರದೇ ಇರಬಹುದು."

"ಬಂದರೆ ಅವರಿಗೇ ಸಿಗುತ್ತೆ. ಬರದಿದ್ರೂ ಅದು ಖಾಲೀನೇ. ಗಡ್ಡೆ ಬಿದ್ರೆ ಕಾಲಿಗೆ ಕುಟ್ಟುತ್ತೆ ಕಣೇ. ಅಲ್ಲಿ ಕುಟ್ಟಲಿಲ್ಲ."

ಅಗೆಯಲು ಶುರು ಮಾಡಿದರು. ಇಬ್ಬರು ಬೆಳೆಗಾರರು ಮೊಣಕಾಲೂರಿ ಮಣ್ಣು ಸರಿಸುತ್ತಾ ಹೋದರು, ಮೇಲ್ವಿಚಾರಕರು ಟೇಪು ಎಳೆದು ಗೇಣಿಗೊಂದು ಕಡ್ಡಿ ನೆಡುತ್ತಾ ಹಿಂದೆ ಹೋದರು. ಮೊದಲ ಹತ್ತು ಹೆಜ್ಜೆಯಲ್ಲಿ ಖಾಲಿ ಒಂದು, ಎರಡು, ಮೂರು, ನಾಲ್ಕು. ಸರಿಯಾಗಿ ನಾಲ್ಕು. ಆಮೇಲೆ ಗಡ್ಡೆ, ಗಡ್ಡೆ, ಗಡ್ಡೆ. ನಾನು ಗಡ್ಡೆ ನೋಡುತ್ತಿರಲಿಲ್ಲ, ಬಿಳಿ ಕಲ್ಲನ್ನು ನೋಡುತ್ತಿದ್ದೆ. ಅದಕ್ಕೆ ಮೊದಲೇ ನೂರು ಮುಗಿಯಲಿ ಎಂದುಕೊಳ್ಳುತ್ತಿದ್ದೆ. ಎಂಬತ್ತು ಆಯಿತು. ಎಂಬತ್ತೈದು ಆಯಿತು. ಕಲ್ಲು ಅಲ್ಲೇ ಇತ್ತು, ಟೇಪಿನ ಪಕ್ಕದಲ್ಲೇ.

ಎಂಬತ್ತೇಳನೆಯದು ಖಾಲಿ.

ಅಗೆಯುತ್ತಿದ್ದವರು ಸುತ್ತಲ ಮಣ್ಣನ್ನೆಲ್ಲ ಕೆದಕಿದರು. ಒಬ್ಬರು ಬೆರಳಲ್ಲಿ ಆಳಕ್ಕೂ ತೋಡಿ ನೋಡಿದರು. ಇಲ್ಲ. ಮೇಲ್ವಿಚಾರಕರು ಕಲ್ಲನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿ, ಪುಸ್ತಕದಲ್ಲಿ ಐದನೆಯ ಗೀಟು ಎಳೆದರು.

"ಇನ್ನು ಹದಿಮೂರು ಇದೆಯಮ್ಮ" ಎಂದರು. ಅವರ ದನಿಯೂ ಸಣ್ಣಗಾಗಿತ್ತು.

"ಹದಿಮೂರೂ ಇದೆ. ಬೇಗ ಅಗೀರಪ್ಪ, ಬಿಸಿಲಿಗೆ ಬೀಜ ಬಾಡುತ್ತೆ."

ಹದಿಮೂರರಲ್ಲಿ ಪ್ರತಿಯೊಂದಕ್ಕೂ ನಾನು ಮಗಳನ್ನು ಇನ್ನಷ್ಟು ಒತ್ತಿಕೊಂಡೆ. ನನ್ನ ಹಿಡಿತಕ್ಕೆ ನೋವಾಗಿ ಅವಳು ಕಿರುಚಿದಳು. ತೊಂಬತ್ತೊಂಬತ್ತನೆಯದಕ್ಕೆ ಒಬ್ಬರು ಬೇಕೆಂದೇ ಕೈ ಮಣ್ಣಲ್ಲಿಟ್ಟುಕೊಂಡು ಸುಮ್ಮನೆ ಕೂತರು. ನನ್ನ ಮುಖ ಬಿಳಿಚಿದ್ದು ನೋಡಿ ನಕ್ಕು ಗಡ್ಡೆ ಮೇಲೆತ್ತಿ ತೋರಿಸಿದರು. ಮಾವ ಅವರಿಗೆ ಮಣ್ಣುಹೆಂಟೆ ಎಸೆದರು. ನೂರನೆಯದು ಕಾಲಲ್ಲಿ ಸರಿಸಿದರೂ ಕಾಣುವಂತೆ ಇತ್ತು.

ಐದು. ಐದಕ್ಕಿಂತ ಹೆಚ್ಚಿಲ್ಲ.

ಮೇಲ್ವಿಚಾರಕರು ಪುಸ್ತಕ ಮುಚ್ಚಿದರು. "ಆ ಹೊಸ ಯಂತ್ರದ ಪರದೆ ಎಷ್ಟು ಖಾಲಿ ಅಂತ ಮಾತ್ರ ಹೇಳುತ್ತೆ, ಎಲ್ಲಿ ಅಂತ ಹೇಳಲ್ಲ" ಎಂದು ತಮಗೆ ತಾವೇ ಅಂದುಕೊಂಡಂತೆ ಅಂದು, ಕಾಗದಕ್ಕೆ ಸಹಿ ಹಾಕಿದರು. ಅವತ್ತು ಮೊದಲ ಸಲ ಅವರ ಹಲ್ಲು ನೋಡಿದೆವು. ಈ ಹಂಗಾಮಿನ ನಾಟಿಯೆಲ್ಲ ಟಕಟಕಮ್ಮನಿಗೇ ಬಂತು.

ಅತ್ತೆ ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ಅಗೆದ ಸಾಲಿಗೆ ಬಗ್ಗಿ, ಐದು ಖಾಲಿ ಜಾಗಕ್ಕೂ ಒಂದೊಂದು ಗಡ್ಡೆ ಕೈಯಾರೆ ಇಟ್ಟು, ಅಂಗೈಯಲ್ಲಿ ಮಣ್ಣು ಎಳೆದರು. ಉಳಿದದ್ದನ್ನು ಅಗೆದವರೇ ಮುಚ್ಚಿದರು.

ಮನೆಗೆ ಬರುವಾಗ ಟ್ರ್ಯಾಕ್ಟರಿನ ಪಕ್ಕದಲ್ಲಿ ನಡೆಯುತ್ತಾ ನಾನು ಮತ್ತೆ ಶುರು ಮಾಡಿದೆ. "ಅತ್ತೆ, ನಿಮ್ಮ ಹೊಸ ಚಪ್ಪಲಿ..."

"ಚಪ್ಪಲಿ ಕಥೆ ಬಿಡು. ತಪ್ಪು ನಂದೇ" ಅಂದರು. "ಇಪ್ಪತ್ತಾರು ವರ್ಷ ಎಲ್ಲಾ ತಲೇಲಿ ಇಟ್ಕೊಂಡು ಮೆರೆದೆ. ಮನೆಯಲ್ಲಿ ಓದಿದೋಳೊಬ್ಬಳು ಇದ್ದಾಳೆ, ಅವಳಿಗೂ ಒಂದು ಮಾತು ಹೇಳಿರೋಣ ಅನ್ನಿಸಲೇ ಇಲ್ಲ. ಅಕ್ಷರ ಚೆನ್ನಾಗಿ ಬರೀತೀಯಲ್ಲ?"

"ಬರೀತೀನಿ."

"ಹಾಗಾದ್ರೆ ಊಟ ಆದ್ಮೇಲೆ ಶೆಡ್ಡಿಗೆ ಬಾ. ಮಗೂನ ಅವರ ಕೈಗೆ ಕೊಡು. ಟ್ರ್ಯಾಕ್ಟರ್ ಓಡಿಸೋರಿಗೆ ಅದೂ ಬರಲಿ."

"ಕೇಳಿಸ್ತು" ಎಂದರು ಮಾವ ಮುಂದಿನಿಂದ.

ಶೆಡ್ಡಿನ ಗೋಡೆಗೆ ಅತ್ತೆ ಸುಣ್ಣ ಬಳಿದು ಒಂದು ಜಾಗ ಮಾಡಿದ್ದಾರೆ. ಅವರು ಯಂತ್ರದ ಒಂದೊಂದು ಭಾಗಕ್ಕೆ ಕೈ ಇಟ್ಟು ಹೇಳುತ್ತಾರೆ, ನಾನು ಇದ್ದಿಲಿನಿಂದ ಬರೆಯುತ್ತೇನೆ. ಯಾವ ಬೋಲ್ಟು ಎಷ್ಟು ಬಿಗಿ, ಯಾವುದು ಸಡಿಲವೆಂದು ಕಂಡರೂ ಸಡಿಲವಾಗಿಯೇ ಇರಬೇಕು, ಸರಪಳಿ ಯಾಕೆ ಹೆಬ್ಬೆರಳಿಗೆ ಒಂದಿಂಚು ಬಗ್ಗಬೇಕು. ಎರಡು ಮಧ್ಯಾಹ್ನ ಆಗಿದೆ, ಇನ್ನೂ ಅರ್ಧ ಗೋಡೆ ಉಳಿದಿದೆ. ಅರ್ಥವಾಗದ ಕಡೆ ನಾನು ನಾಲ್ಕು ಸಲ ಕೇಳುತ್ತೇನೆ. ಅವರು ನಾಲ್ಕನೆಯ ಸಲಕ್ಕೆ ಕೋಲಿನಿಂದ ಮೂರು ಬಡಿಯುತ್ತಾರೆ.

ಎಲ್ಲಕ್ಕಿಂತ ಮೇಲಿನ ಸಾಲು ಅವರು ಹೇಳಿ ಬರೆಸಿದ್ದು: ಎಡಕ್ಕೊಂದು ಬಲಕ್ಕೊಂದು ಚಪ್ಪಲಿ ತುಂಡು. ಕಸವಲ್ಲ. ಬಿಸಾಕಬಾರದು.

ಅದರ ಕೆಳಗೆ ಯಾರೂ ಹೇಳದೆ ನಾನೇ ಒಂದು ಸೇರಿಸಿದ್ದೇನೆ: ತಂತಿ ಎರಡು ಸುತ್ತು ಸಾಲದು, ಮೂರು ಸುತ್ತಬೇಕು. ಮಗುವಿಗೆ ಹಲ್ಲು ಬಂದಿದೆ.

ಅತ್ತೆ ಓದಿಸಿ ಕೇಳಿ, "ಇದು ನನಗೆ ಹೊಳೆದಿರಲಿಲ್ಲ" ಎಂದು, ಇಕ್ಕಳ ತಂದು ಅಲ್ಲೇ ಮೂರನೆಯ ಸುತ್ತು ಸುತ್ತಿದರು.