ಜ್ವರದ ರಜಾ ಅರ್ಜಿ

ದಿನಾ ಸಿಂದಗಿಯಿಂದ ಮುಂಜಾನೆಯ ಬಸ್ಸು ಹಿಡಿದು ಬಂದು, ಹತ್ತೊಂಬತ್ತು ವರ್ಷದಿಂದ ಒಂದೇ ಹಳ್ಳಿಯ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿರುವವರು ಭುವನೇಶ್ವರಿ ಅಕ್ಕೋರು. ಪ್ರತಿ ಜೂನ್‌ನಲ್ಲಿ ಅವರು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಒಂದು ರಜಾ ಅರ್ಜಿ ಬರೆಯುತ್ತಿದ್ದರು: ನನಗೆ ಜ್ವರ ಬಂದಿದೆ, ರಜೆ ಕೊಡಿ ಎಂದು. ಮಕ್ಕಳು ಅದನ್ನು ಸೋಬಾನದ ಹಾಗೆ ರಾಗ ಎಳೆದು ಬಾಯಿಪಾಠ ಮಾಡುತ್ತಿದ್ದರು. ಪರೀಕ್ಷೆಯಲ್ಲಿ ಅರ್ಜಿಯ ಅಂಕ ಯಾರಿಗೂ ತಪ್ಪಿದ್ದಿಲ್ಲ ಎಂಬುದು ಅಕ್ಕೋರ ಹೆಮ್ಮೆ.

ಹೋದ ವರ್ಷ ಎಂಟನೆಯ ತರಗತಿಯ ಪಲ್ಲವಿ ಹನ್ನೊಂದು ದಿನ ಶಾಲೆಗೆ ಬರಲಿಲ್ಲ. ಬಂದ ದಿನ ಇಂಗ್ಲಿಷಿನಲ್ಲೇ ಅರ್ಜಿ ಕೊಟ್ಟಳು. ಒಂದಕ್ಷರ ತಪ್ಪಿರಲಿಲ್ಲ.

"ಜ್ವರ ಇಳೀತೇನವಾ?" ಎಂದು ಅಕ್ಕೋರು ಕೇಳಿದರು.

"ಆಕಿಗೆಲ್ಲಿ ಜ್ವರರಿ, ಸುಳ್ಳಬುರುಕಿ," ಎಂದ ಹಿಂದೆ ಕುಳಿತಿದ್ದ ಮುತ್ತುರಾಜ. "ಅವರವ್ವ ತೀರ್ಕೊಂಡಾಳ್ರಿ."

ಪಲ್ಲವಿ ತಲೆ ಎತ್ತಲಿಲ್ಲ. "ಸುಳ್ಳ ಬರೀಬೇಕಂತ ಅಲ್ರಿ ಅಕ್ಕೋರ. ನೀವು ಕಲಿಸಿದ್ದು ಜ್ವರದ್ದ ಅಷ್ಟರಿ."

ಅಕ್ಕೋರು ಬಂದು ಅವಳ ಪಕ್ಕದಲ್ಲಿ ಕುಳಿತರು.

"ತಪ್ಪು ನಂದವಾ. ಈಗ ನಿನ್ನ ಮಾತು ನೀ ಹೇಳು. ಅದಕ್ಕ ಬೇಕಾದ ಇಂಗ್ಲಿಷ್ ನಾ ಹುಡುಕಿ ಕೊಡ್ತೇನಿ."

ಗಂಟೆ ಬಾರಿಸುವವರೆಗೆ ಇಬ್ಬರೂ ಕೂಡಿ ನಾಲ್ಕು ಸಾಲು ಬರೆದರು.

"ಅವ್ವನ ಹೆಸರು ಹಾಕ್ಲೇನ್ರಿ?"

"ಹಾಕವಾ."

ಪಲ್ಲವಿ ನಿಧಾನವಾಗಿ ದುರ್ಗವ್ವ ಎಂದು ಬರೆದಳು.

ಈ ಜೂನ್‌ನಲ್ಲಿ ಅಕ್ಕೋರು ಬೋರ್ಡಿನ ಮೇಲೆ ಅರ್ಜಿ ಬರೆಯಲಿಲ್ಲ. "ಮನಿಯಾಗ ಏನಾಗೇತಿ, ಹೇಳ್ರಿ," ಎಂದು ಸೀಮೆಸುಣ್ಣ ಹಿಡಿದು ನಿಂತರು. ಮಕ್ಕಳ ಅರ್ಜಿಗಳಲ್ಲಿ ಈಗ ತಪ್ಪುಗಳು ಬಹಳ, ಅಂಕವೂ ಕಡಿಮೆ. ಅಕ್ಕೋರು ಪ್ರತಿಯೊಂದನ್ನೂ ಎರಡೆರಡು ಸಲ ಓದುತ್ತಾರೆ.