ಚಿಪ್ಪಿನ ಬೆಂಕಿ, ಸೀಮೆಎಣ್ಣೆಯ ಲೆಕ್ಕ

ಗೌರಿ, ನಿನ್ನ ಕಾಲು ಕುಂಟಾದದ್ದು ಹಣೆಬರಹದಿಂದಲ್ಲ, ನನ್ನಿಂದ. ಬರೆದಾಯಿತು, ಇನ್ನು ಹೊಡೆದು ಹಾಕುವುದಿಲ್ಲ.

ಆಗ ನೀನು ಮೂರು ವರ್ಷದ ಕೂಸು, ನಾನು ನಿಮ್ಮೂರ ಆಸ್ಪತ್ರೆಯ ನರ್ಸು. ಒಂದೇ ಸೂಜಿಯನ್ನು ಬಿಸಿನೀರಿಗೆ ಅದ್ದಿ ಅದ್ದಿ ಹತ್ತು ಜನಕ್ಕೆ ಚುಚ್ಚುತ್ತಿದ್ದ ಕಾಲ. ಹೊಸದಾಗಿ ಬಂದ ಡಾಕ್ಟರಮ್ಮ ಅದನ್ನು ನಿಲ್ಲಿಸಿದರು. ಒಬ್ಬೊಬ್ಬರಿಗೂ ಬೇರೆ ಸೂಜಿ, ಪ್ರತಿಯೊಂದೂ ಇಪ್ಪತ್ತು ನಿಮಿಷ ಕುದಿಯಬೇಕು. ಸ್ಟೌವಿಗೆಂದು ಮೇಲಿನ ಕಚೇರಿಯಿಂದ ಆರು ತಿಂಗಳು ಸೀಮೆಎಣ್ಣೆ ಬಂತು. ಎಣ್ಣೆ ಎಷ್ಟು ಖರ್ಚಾಯಿತು, ಸೂಜಿಯಿಂದ ಕೀವಾಗುವುದು ಎಷ್ಟು ತಗ್ಗಿತು — ತೂಗಿ ನೋಡಿ ಮುಂದುವರಿಸುತ್ತೇವೆ ಎಂದರು. ಬರೆದಿಡುವವಳು ನಾನು.

ಕೀವು ತಗ್ಗಿತು, ಅದು ನಿಜ. ಆದರೆ ನಾನು ಎಣ್ಣೆ ಸುಡಲೇ ಇಲ್ಲ. ಕೊಬ್ಬರಿ ಒಡೆಯಲು ಹೋಗುತ್ತಿದ್ದ ನಿಮ್ಮಮ್ಮ ದಿನಾ ಒಂದು ಮಂಕರಿ ಚಿಪ್ಪು ತಂದು ಸುರಿಯುತ್ತಿದ್ದಳು, ಪುಕ್ಕಟೆ. ಡಾಕ್ಟರಮ್ಮ ಬರುವ ಮೊದಲೇ, ಆಸ್ಪತ್ರೆಯ ಹಿತ್ತಿಲಲ್ಲಿ ಆ ಬೆಂಕಿಯಲ್ಲೇ ಕುದಿಸಿದೆ. ಎಣ್ಣೆ ಮನೆಗೆ ಹೊತ್ತೆ, ರಾಗಿ ತುಂಬಿಡುವ ಮಣ್ಣಿನ ವಾಡೆಯ ಹಿಂದೆ ಬಚ್ಚಿಟ್ಟೆ. ಪುಸ್ತಕದಲ್ಲಿ ಮಾತ್ರ ಅಷ್ಟೂ ಉರಿದುಹೋಗಿತ್ತು.

ತುಮಕೂರಿನಿಂದ ಸಾಹೇಬರು ಬಂದು ಪುಸ್ತಕ ತಿರುವಿದರು. "ಗುಣ ಇದೆ, ಆದ್ರೆ ತುಂಬಾ ದುಬಾರಿ ಬೀಳ್ತಿದೆ" ಎಂದರು. ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ಇನ್ನೂ ಕಡಿಮೆ ಖರ್ಚಲ್ಲಿ ಆಗಲ್ವೇನಮ್ಮ?"

ಚಿಪ್ಪು ಸಾಕು ಅಂದಿದ್ದರೆ... ಆದರೆ ಎಣ್ಣೆ ಎಲ್ಲಿ ಅಂತ ಕೇಳಿದರೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಸೆರಗಿನಲ್ಲಿ ಎಣ್ಣೆ ವಾಸನೆ ಇದೆಯೇನೋ ಎಂದು ಮೂಸಿದೆ.

"ಆಗಲ್ಲ ಮೇಡಂ" ಅಂದೆ.

ಎಣ್ಣೆ ನಿಂತಿತು. ಡಾಕ್ಟರಮ್ಮನಿಗೂ ವರ್ಗವಾಯಿತು. ಚಿಪ್ಪಿನ ಬೆಂಕಿಯಲ್ಲಿ ಕುದಿಸುತ್ತಲೇ ಹೋದರೆ ಗುಟ್ಟು ರಟ್ಟಾದೀತೆಂದು ನಾನೇ ಒಲೆ ಆರಿಸಿದೆ. ಮತ್ತೆ ಅದ್ದುವ ಸೂಜಿ. ಮುಂದಿನ ತಿಂಗಳು ನಿನಗೆ ಜ್ವರ. ಅದ್ದಿದ ಸೂಜಿಯಲ್ಲೇ ನಿನಗೆ ಚುಚ್ಚಿದೆ, ಗೌರಿ — ಗೊತ್ತಿದ್ದೂ. ತೊಡೆ ಬಾತು ಕೀವಾಯಿತು. ತಿಪಟೂರಿನಲ್ಲಿ ಕೊಯ್ದರು. ಜೀವ ಉಳಿಯಿತು, ಕಾಲು ನೆಟ್ಟಗಾಗಲಿಲ್ಲ.

ಬಸ್ಸಿನವರೆಗೆ ನಿನ್ನನ್ನು ಎತ್ತಿಕೊಂಡು ಓಡಿದ್ದೆನಲ್ಲ, ಅದಕ್ಕೆ ನಿಮ್ಮಮ್ಮ ನನ್ನ ಕಾಲಿಗೆ ಬಿದ್ದಳು. "ನಿಮ್ ಕೈಗುಣ ಕಣ್ರಮ್ಮ, ಮಗು ಉಳ್ಕೊಂತು!" ಅಯ್ಯೋ, ಆ ಮಾತು! ಅವಳು ತೀರಿಕೊಂಡ ಮೇಲೂ ವರ್ಷಕ್ಕೊಂದು ಸಲ ಕಾಯಿ ಚೀಲ ಹೊತ್ತು ನೀನು ಬರುತ್ತೀಯ. ಅಂಗಳದಲ್ಲಿ ನಿನ್ನ ಹೆಜ್ಜೆ ಕೇಳಿಸುತ್ತದೆ — ಒಂದು ಜೋರು, ಒಂದು ಮೆಲ್ಲಗೆ — ನಾನು ಬಾಗಿಲ ಹಿಂದೆ ಸರಿಯುತ್ತೇನೆ.

ಈ ಸಲವೂ ಹೆದರಿಕೆಯೇ. ಆದರೂ ಚೀಲ ಇಳಿಸುವ ಮೊದಲೇ ಈ ಕಾಗದ ನಿನ್ನ ಕೈಗಿಡುತ್ತೇನೆ. ಓದಿದ ಮೇಲೆ ಚೀಲ ಹೊತ್ತು ಹಾಗೇ ತಿರುಗಿ ಹೋದರೆ, ನಾನು ಕೂಗಿ ಕರೆಯುವುದಿಲ್ಲ.