ಗೋದಲಿಗೆ ಬಾಯಿ ಹಾಕಿದ ಕಾರು

ನಮ್ಮ ಶೆಡ್ಡಿನಲ್ಲಿ ಕಾರೊಂದನ್ನು ಬಿಟ್ಟು ಎಲ್ಲವೂ ಇತ್ತು. ಮುಚ್ಚಳವಿಲ್ಲದ ಎರಡು ಕುಕ್ಕರು, ಕುಕ್ಕರಿಲ್ಲದ ನಾಲ್ಕು ಮುಚ್ಚಳ, ಎತ್ತಿಲ್ಲದ ನೊಗ, ಕೂಸಿಲ್ಲದ ತೊಟ್ಟಿಲು, ಗಾಳಿ ನಿಲ್ಲಿಸಿ ಸದ್ದು ಮಾತ್ರ ಉಳಿಸಿಕೊಂಡಿದ್ದ ಕೂಲರ್, ಬೆಳೆಗೆ ಔಷಧ ಹೊಡೆಯುವ ಮೂರು ಪಂಪು, ಮತ್ತು ಯಾರ ಮದುವೆಗೆ ತಂದದ್ದೋ ಯಾರಿಗೂ ನೆನಪಿಲ್ಲದ ಒಂದು ತಾಮ್ರದ ಹಂಡೆ. ಹಿಂದೆ ಅದು ದನದ ಕೊಟ್ಟಿಗೆ. ಎತ್ತು ಮಾರಿ ಬಾಡಿಗೆ ಟ್ರ್ಯಾಕ್ಟರಿಗೆ ಒಗ್ಗಿಕೊಂಡ ಮೇಲೆ ಮುಂದೆ ಶಟರ್ ಹಾಕಿಸಿ ಶೆಡ್ಡು ಎಂದು ಹೆಸರಿಟ್ಟೆವು. ಹೆಸರು ಬದಲಾದ ದಿನದಿಂದ ಮನೆಗೆ ಬೇಡವಾದದ್ದೆಲ್ಲ ಅಲ್ಲಿ ಸೇರತೊಡಗಿತು.

ಶಿಗ್ಗಾಂವಿಯಿಂದ ದಿನಾ ಬಸ್ಸು ಹತ್ತಿ ದುಂಡಸಿಗೆ ಹೋಗಿ ಗಣಿತ ಕಲಿಸುವುದು ನನ್ನ ಕೆಲಸ. ಐವತ್ತೆರಡನೆಯ ವಯಸ್ಸಿನಲ್ಲಿ ನನಗೆ ಕಾರು ಕಲಿಯುವ ಹುಚ್ಚು ಹಿಡಿಯಿತು. ಮೂರು ತಿಂಗಳು ಬೆಳಗ್ಗೆ ಆರಕ್ಕೆ ಎದ್ದು ಕಲಿತೆ. ಪರೀಕ್ಷೆಯ ದಿನ ನನ್ನ ಹಿಂದೆ ನಿಂತಿದ್ದವರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು. ನಾನು ಪಾಸಾದೆ, ಅವರಿಬ್ಬರೂ ನಪಾಸು. ಆ ಖುಷಿ ಎಂಟು ದಿನ ಇಳಿಯಲಿಲ್ಲ.

ಹಿರೇಕೆರೂರಿನಲ್ಲಿ ನಮ್ಮ ಮನೆಯವರ ಚಿಕ್ಕಪ್ಪನ ಮಗನಿದ್ದಾನೆ, ನನ್ನ ಮೈದುನ. ಅವನು ತನ್ನ ಸಣ್ಣ ಕಾರು ಮಾರುವವನಿದ್ದ. ದಸರೆಯ ರಜೆಯಲ್ಲಿ ಫೋನು ಮಾಡಿ, "ವೈನೀ, ಐತವಾರದ ತನಕಾ ತಡೀತೇನಿ. ಆಮ್ಯಾಗ ಬ್ಯಾರೇದವರು ಒಯ್ತಾರ ನೋಡ್ರಿ," ಎಂದ. ನಮ್ಮ ಮನೆಯವರು ಕಾರಿಗೆ ಬೇಡ ಎನ್ನಲಿಲ್ಲ. ಆದರೆ ಒಂದು ಷರತ್ತು ಹಾಕಿದರು.

"ಗಾಡಿ ಓಣ್ಯಾಗ ನಿಲ್ಲಂಗಿಲ್ಲ. ಗೋವಿನಜೋಳದ ಟ್ರ್ಯಾಕ್ಟರ್ ಬಂದ್ರ ಒಂದ ದಿನದಾಗ ಅದರ ಎರಡೂ ಕಿವಿ ಕಿತ್ಕೊಂಡು ಹೋಗ್ತಾವ. ಶೆಡ್ಡಿನ್ಯಾಗ ಹಿಡೀತಂದ್ರ ಕಾರು, ಇಲ್ಲಾಂದ್ರ ಇಲ್ಲ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಮ್ಮ ಓಣಿ ಅಷ್ಟು ಇಕ್ಕಟ್ಟು. ತಪ್ಪಿಲ್ಲ ಎಂಬುದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಭಾನುವಾರದೊಳಗೆ ಶೆಡ್ಡು ಖಾಲಿ ಮಾಡದಿದ್ದರೆ ಕಾರು ಕೈತಪ್ಪುತ್ತಿತ್ತು, ನಾನು ಮತ್ತೆ ಅದೇ ಬಸ್ಸಿನ ಬಾಗಿಲಲ್ಲಿ ಜೋತಾಡಬೇಕಿತ್ತು.

ಅತ್ತೆಗೆ ಎಂಬತ್ತು. ತವರು ಮಾಸೂರು. ಮೊಣಕಾಲು ಹಿಡಿದುಕೊಂಡು ಬಸ್ಸಿನ ಮೆಟ್ಟಿಲು ಹತ್ತಲಾಗದೆ ತವರಿಗೆ ಹೋಗಿ ಮೂರು ವರ್ಷವಾಗಿತ್ತು. ಅದನ್ನು ಅವರು ಎಂದೂ ಬಾಯಿಬಿಟ್ಟು ಹೇಳಿದವರಲ್ಲ. ಕಾರಿನ ಮಾತು ಬಂದಾಗ ಒಂದೇ ಪ್ರಶ್ನೆ ಕೇಳಿದ್ದರು: "ಮುಂದಿನ ಸೀಟಿನ್ಯಾಗ ಯಾರು ಕುಂದ್ರೋದು?"

ಗುರುವಾರ ಬೆಳಗ್ಗೆ ಸೆರಗು ಸಿಕ್ಕಿಸಿಕೊಂಡು ಅಂಗಳದಲ್ಲಿ ಸೀಮೆಸುಣ್ಣದಿಂದ ಮೂರು ದೊಡ್ಡ ವೃತ್ತ ಬರೆದೆ. ಒಂದು ಇಟ್ಟುಕೊಳ್ಳುವುದಕ್ಕೆ, ಒಂದು ಯಾರಿಗಾದರೂ ಕೊಡುವುದಕ್ಕೆ, ಒಂದು ಗುಜರಿಗೆ. ಮಧ್ಯಾಹ್ನದ ಹೊತ್ತಿಗೆ ಗುಜರಿಯ ವೃತ್ತ ತುಂಬಿ ತುಳುಕುತ್ತಿತ್ತು. ಒಳಗೆ ಹೋಗಿ ಒಂದು ಕಪ್ಪು ಚಹಾ ಕುಡಿದು ಬರುವಷ್ಟರಲ್ಲಿ ಅದು ಅರ್ಧಕ್ಕಿಳಿದಿತ್ತು. ನಮ್ಮ ಮನೆಯವರು ಮೂರೂ ಪಂಪುಗಳನ್ನು ಇಟ್ಟುಕೊಳ್ಳುವ ವೃತ್ತಕ್ಕೆ ದಾಟಿಸಿ, ನಾಲ್ಕನೆಯ ಮುಚ್ಚಳ ಕೈಯಲ್ಲಿ ಹಿಡಿದು ನಿಂತಿದ್ದರು.

"ಇದಕ್ಕ ಕುಕ್ಕರ್ ಎಲ್ಲೈತ್ರಿ?" ಎಂದೆ.

"ಇವತ್ತಿಲ್ಲ. ನಾಳೆ ಬೇಕಾಗತೈತಿ."

"ಮುಚ್ಚಳಕ್ಕಂತ ಕುಕ್ಕರ್ ಕೊಳ್ಳೋರ‍್ನ ಇವತ್ತ ನೋಡಿದೆ ನೋಡ್ರಿ."

ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ನಕ್ಕ ನಗುವಿಗೆ ಎದುರುಮನೆಯವರು ಕಿಟಕಿ ತೆಗೆದರು. ಆಮೇಲೆ ಒಪ್ಪಂದವಾಯಿತು: ನಾನು ಚಹಾಕ್ಕೆ ಹೋದರೆ ನಮ್ಮ ಮನೆಯವರೂ ಬರಬೇಕು. ಗುರುವಾರ ಒಂದೇ ದಿನ ಅವರು ಏಳು ಕಪ್ಪು ಚಹಾ ಕುಡಿದರು.

ಶುಕ್ರವಾರ ಗುಜರಿಯವನು ಗಾಡಿ ತುಂಬಿಕೊಂಡು ಹೋದ ಮೇಲೂ ಇಟ್ಟುಕೊಳ್ಳುವ ವೃತ್ತ ಒಂದು ಗುಡ್ಡದಷ್ಟಿತ್ತು. ಎಲ್ಲಿ ಇಡುವುದು? ಮೂಲೆಯಿಂದ ಮೂಲೆಗೆ ಸರಿಸಿ ಸರಿಸಿ ಸುಸ್ತಾಗಿ ಕೂತೆ. ಆಗ ಅತ್ತೆ ಕೋಲೂರಿಕೊಂಡು ಬಂದು ಬಾಗಿಲಲ್ಲಿ ನಿಂತರು.

"ಯವ್ವಾ, ನೀ ಬರೇ ನೆಲಾ ನೋಡಾಕತ್ತಿ. ಮ್ಯಾಲ ನೋಡು. ನಮ್ಮ ಕಾಲದಾಗ ಅರ್ಧ ಮನಿ ತೊಲಿಗೆ ಜೋತು ಬಿದ್ದಿರ‍್ತಿತ್ತು."

ನಿಜವೇ. ನಾನು ಬಂದ ಹೊಸದರಲ್ಲಿ ಈ ಮನೆಯಲ್ಲಿ ಕಪಾಟೇ ಇರಲಿಲ್ಲ. ಹಾಲು ಬೆಣ್ಣೆ ನೆಲುವಿನಲ್ಲಿ ತೂಗುತ್ತಿದ್ದವು, ಬಟ್ಟೆ ಗಳದ ಮೇಲೆ, ಚೀಲ ಗೂಟಕ್ಕೆ, ದೀಪ ಗೋಡೆಯ ಮಾಡದಲ್ಲಿ. ನೆಲ ಇದ್ದದ್ದು ಮನುಷ್ಯರಿಗೆ. ಅತ್ತೆ ಎತ್ತಿನ ಹಳೆಯ ಹಗ್ಗ ತರಿಸಿ, ಕುರ್ಚಿಯಲ್ಲಿ ಕೂತು, ಬಿಚ್ಚಿ ಹೆಣೆದು ಒಂದರ ಹಿಂದೆ ಒಂದು ದೊಡ್ಡ ನೆಲುವು ಮಾಡಿಕೊಟ್ಟರು. ಬೆರಳು ಓಡುತ್ತಿದ್ದ ಚುರುಕು ನೋಡಿದರೆ ಮೊಣಕಾಲು ನೋವು ಯಾರದೋ ಎನ್ನಬೇಕು. ಹಂಡೆ ಮೇಲೇರಿತು. ಅದರ ಹೊಟ್ಟೆಯೊಳಗೆ ಹೊದೆಯುವ ಹಳೆಯ ಕೌದಿಗಳು. ತೊಟ್ಟಿಲು ತಲೆಕೆಳಗಾಗಿ ತೊಲೆಗೆ ಹತ್ತಿತು. ನೊಗ ಗೂಟದ ಮೇಲೆ ಕೂತು, ತಾನೇ ಗೂಟವಾಗಿ ಮೂರು ಪಂಪುಗಳನ್ನು ಹೊತ್ತಿತು. ಎಣ್ಣೆ ಡಬ್ಬಿ, ಮೊಳೆ, ನಟ್ಟು ತಿರುಗಿಸುವ ಪಾನಾ ಮಾಡಗಳಿಗೆ ಹೋದವು. ಶನಿವಾರ ಬೆಳಗ್ಗೆ ಆ ನೆಲ ಗುಡಿಸಿದಾಗ ನನಗೆ ಸಣ್ಣ ಹುಡುಗಿಯ ಹಾಗೆ ಕುಣಿಯಬೇಕೆನಿಸಿತು. ಕುಣಿದೆ ಕೂಡ. ಹಂಡೆಗೆ ತಲೆ ತಾಗಿ ಗಂಟೆ ಬಾರಿಸಿದಂತಾಯಿತು.

ಅದೇ ಹುಮ್ಮಸ್ಸಿನಲ್ಲಿ, ನಾಳೆ ಬರುವ ಕಾರನ್ನು ಇವತ್ತೇ ನೆಲದ ಮೇಲೆ ಬರೆಯಲು ಕೂತೆ. ಅಳತೆ ನನ್ನ ಬಳಿ ಸಿದ್ಧವಿತ್ತು: ಗೋಡೆಯಿಂದ ಶಟರಿಗೆ ನಾಲ್ಕು ಮೀಟರಿನ ಮೇಲೆ ಒಂದು ಗೇಣು, ಕಾರು ಮೂರೂವರೆ ಮೀಟರು. ಗಣಿತದ ಟೀಚರು ನೋಡಿ, ಎರಡೆರಡು ಸಲ ಅಳೆದಿದ್ದೆ. ಶಟರಿನ ಕಡೆಯಿಂದ ಹಿಂದಿನ ಗಾಲಿ ಬರೆದೆ, ಬಾಗಿಲು ಬರೆದೆ, ಸ್ಟೇರಿಂಗ್ ಬರೆದೆ. ಅತ್ತೆ ಮುಂದಿನ ಸೀಟಿನ ಜಾಗದಲ್ಲಿ ತಮ್ಮ ಕುರ್ಚಿ ಹಾಕಿಸಿಕೊಂಡು ಕೂತೇಬಿಟ್ಟರು. ನಮ್ಮ ಮನೆಯವರು ಹಿಂದೆ ಕೂತು, "ಸಾವಕಾಶ ಹೊಡಿ, ಮುಂದ ಎಮ್ಮಿ ಐತಿ," ಎಂದರು. ನಗುತ್ತ ನಗುತ್ತ ಕಾರಿನ ಮೂತಿ ಬರೆಯುತ್ತ ಹೋದೆ. ಸೀಮೆಸುಣ್ಣ ಟಕ್ಕೆಂದು ಕಲ್ಲಿಗೆ ಬಡಿದು ಮುರಿಯಿತು.

ಗೋದಲಿ. ಗೋಡೆಗೆ ಹೊಂದಿಸಿ ಕಲ್ಲಿನಲ್ಲಿ ಕಟ್ಟಿದ್ದ, ಎತ್ತುಗಳಿಗೆ ಮೇವು ಹಾಕುತ್ತಿದ್ದ ತೊಟ್ಟಿ.

ಮೂವರೂ ಅದನ್ನು ಆಗಷ್ಟೇ ನೆಲದಿಂದ ಎದ್ದು ಬಂದದ್ದೇನೋ ಎಂಬಂತೆ ನೋಡಿದೆವು. ಮೂರು ದಿನ ಅದರ ಅಂಚಿನ ಮೇಲೆ ಕೂತಿದ್ದೆವು, ಚಹಾ ಕಪ್ಪು ಇಟ್ಟಿದ್ದೆವು. ಅಳೆಯುವಾಗ ನಮ್ಮ ಮನೆಯವರು ಟೇಪಿನ ತುದಿ ಗೋಡೆಗೆ ಒತ್ತಿ ಹಿಡಿಯಲು ಅದರೊಳಗೇ ಇಳಿದು ನಿಂತಿದ್ದರು! ಆದರೂ ಅದು ಜಾಗ ತಿನ್ನುತ್ತದೆಂದು ಯಾರಿಗೂ ಹೊಳೆಯಲಿಲ್ಲ. ಸಾಮಾನೆಂದರೆ ತೆಗೆದಿಡುವಂಥದ್ದು. ಗೋದಲಿ ಸಾಮಾನಲ್ಲ, ಅದು ಮನೆ. ಮನೆಯಲ್ಲಿ ಎತ್ತಿಲ್ಲದಿದ್ದರೂ ಕಾರಹುಣ್ಣಿಮೆಗೆ ಅತ್ತೆ ಅದಕ್ಕೆ ಒಂದು ಹಿಡಿ ಹಸಿರು ಹುಲ್ಲು ಹಾಕುತ್ತಿದ್ದರು, ದೀಪಾವಳಿಗೆ ದೀಪ ಇಡುತ್ತಿದ್ದರು.

"ಅಲ್ನೋಡು, ಗಾಡಿ ಮೇವಿಗೆ ಬಾಯಿ ಹಾಕೇತಿ," ಎಂದರು ನಮ್ಮ ಮನೆಯವರು. ಯಾರೂ ನಗಲಿಲ್ಲ. ಆಮೇಲೆ ಮೆತ್ತಗೆ, "ಹಿರೇಕೆರೂರಿಗೆ ಫೋನ್ ಮಾಡಿ ಬ್ಯಾಡಂತ ಹೇಳ್ತೇನಿ," ಎಂದರು.

ನನಗೆ ಅಳು ಬಂತು. ಒಡೆಸೋಣ ಎಂಬ ಮಾತು ನಾಲಗೆಯ ತುದಿಗೆ ಬಂದು ನಿಂತಿತ್ತು. ಅತ್ತೆಯ ಮುಖ ನೋಡಿ ನುಂಗಿದೆ. ಒಂದು ಗೇಣು ಜಾಗಕ್ಕಾಗಿ ಆ ಕಲ್ಲಿನ ಮೇಲೆ ಸಿಟ್ಟು ಮಾಡಿಕೊಂಡೆನಲ್ಲ ಎಂದು ನಾಚಿಕೆಯೂ ಆಯಿತು. ಅತ್ತೆ ಎದ್ದು ಒಳಗೆ ಹೋದರು. ನೊಂದುಕೊಂಡರು, ಊಟವನ್ನೂ ಮಾಡಲಿಕ್ಕಿಲ್ಲ ಎಂದುಕೊಂಡೆ.

ಅವರು ತಿರುಗಿ ಬಂದದ್ದು ಅರಿಷಿಣ ಕುಂಕುಮ, ಒಂದು ಜೋಳದ ರೊಟ್ಟಿ, ಒಂದು ಚೂರು ಬೆಲ್ಲ ಹಿಡಿದುಕೊಂಡು. ಗೋದಲಿಗೆ ಕುಂಕುಮ ಹಚ್ಚಿ, ರೊಟ್ಟಿ ಇಟ್ಟು, ಅದರ ಅಂಚನ್ನು ಎರಡು ಸಲ ಸವರಿದರು. ಎತ್ತುಗಳು ನಾಲಗೆಯಾಡಿಸಿ ಆ ಅಂಚು ನುಣ್ಣಗಾಗಿತ್ತು.

"ಮೇವು ತಿನ್ನೋರಿಗೆ ಗೋದಲಿ. ನಿನ್ನ ಗಾಡಿಗೆ ಪೆಟ್ರೋಲ್ ಬಂಕಿನ್ಯಾಗ ಹಾಕ್ತಾರಲ್ಲ, ಇದ್ಯಾಕ ಬೇಕು? ಗೌಂಡಿನ ಕರೀರಿ," ಎಂದರು. ಬೆಲ್ಲವನ್ನು ನನ್ನ ಬಾಯಿಗೆ ತುರುಕಿದರು. "ಅಳೋದು ನಿಂದರಸು. ಟೀಚರ್ ಆಗಿ ಅಳೀಯಾಕ ಬರಂಗಿಲ್ಲ ನಿನಗ!"

ಸಂಜೆಯೊಳಗೆ ಗೌಂಡಿ ಬಂದು ಕಲ್ಲು ಬಿಚ್ಚಿದ. ನುಣುಪಾದ ಆ ಅಂಚಿನ ಕಲ್ಲನ್ನು ಅತ್ತೆ ಹೇಳಿದ ಜಾಗದಲ್ಲಿ, ತಲಬಾಗಿಲ ಪಕ್ಕ, ಕೂರುವ ಕಟ್ಟೆಯಾಗಿ ಹಾಸಿದೆವು.

ಭಾನುವಾರ ಮೈದುನ ಕಾರು ತಂದು ಬೀಗದ ಕೈ ನನ್ನ ಕೈಗಿಟ್ಟ. ಗಾಲಿಗೆ ನಿಂಬೆಹಣ್ಣು ಇಟ್ಟಾಯಿತು. ಒಳಗೆ ಹೋದ ಮೇಲೆ ಬಾಗಿಲು ಅರ್ಧವೇ ತೆರೆಯುತ್ತದೆ, ಹೊಡೆಯುವವಳು ಮಾತ್ರ ನುಸುಳಿ ಹೊರಬರಬೇಕು ಎಂದು ನಾನು ಲೆಕ್ಕ ಹಾಕಿದ್ದೆ. ಅತ್ತೆಗೆ ನನ್ನ ಲೆಕ್ಕ ಗೊತ್ತಿರಲಿಲ್ಲ. ಇಳಕಲ್ ಸೀರೆ ಉಟ್ಟು, ಆ ಕಲ್ಲಿನ ಮೇಲೆ ಕೈಚೀಲ ಇಟ್ಟುಕೊಂಡು ಕೂತಿದ್ದರು. ಬಂದವರೇ ಮುಂದಿನ ಸೀಟಿನಲ್ಲಿ ಕೂತರು.

"ಅತ್ತೀ, ಒಳಗ ಇಳ್ಯಾಕ ಬರಂಗಿಲ್ರಿ."

"ಗೋದಲಿ ಬಿಟ್ಟುಕೊಟ್ಟಾಕಿ ನಾನು. ಅದು ಹೊಕ್ಕಾಗ ನಾ ಇದರಾಗ ಇರಬೇಕು. ಹೊಡಿ."

ಹೊಡೆದೆ. ಗೋಡೆಯ ಹತ್ತಿರ ನಿಂತು ನಮ್ಮ ಮನೆಯವರು ಎರಡೂ ಕೈ ಬೀಸುತ್ತ, "ಬಾ, ಬಾ, ಬಾ," ಎನ್ನುತ್ತಿದ್ದರು. ಎರಡು ಗೇಣು ಉಳಿದಾಗ ಎತ್ತಿಗೆ ಹೇಳುವಂತೆ "ಹೋ!" ಎಂದು ಕೂಗಿದರು. ಕಾರು ಥಟ್ಟನೆ ನಿಂತಿತು. ನೆತ್ತಿಯ ಮೇಲೆ ಹಂಡೆ ಅಲುಗಲಿಲ್ಲ. ಎದುರಿನ ಗೋಡೆಯಲ್ಲಿ ಗೋದಲಿ ಇದ್ದ ಗುರುತು ಹಸಿ ಹಸಿಯಾಗಿತ್ತು. ಹೊರಗೆ ಮೈದುನ ಚಪ್ಪಾಳೆ ತಟ್ಟಿದ. ನಾನು ಸ್ಟೇರಿಂಗ್ ಮೇಲೆ ತಲೆಯಿಟ್ಟು ನಕ್ಕೆ. ನಗು ನಿಲ್ಲಲೊಲ್ಲದು.

ಅತ್ತೆ ಆ ಗುರುತನ್ನು ಒಂದು ಗಳಿಗೆ ನೋಡಿದರು. ಆಮೇಲೆ ಕೈಚೀಲವನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡರು. ಅದರೊಳಗೆ ಒಂದು ಜೊತೆ ಸೀರೆ, ಗುಳಿಗೆ, ರೊಟ್ಟಿಯ ಗಂಟು ಎಲ್ಲ ಇತ್ತು.

"ಹಿಡೀತಲ್ಲ? ಹಿಂದಕ ತಗಿ ಇನ್ನ. ಹೆಂಗೂ ನಿನ್ನ ಮೈದುನನ್ನ ಹಿರೇಕೆರೂರಿಗೆ ಬಿಟ್ಟು ಬರಬೇಕು. ಅಲ್ಲಿಂದ ಮಾಸೂರು ದೂರಿಲ್ಲ."

"ಈಗೇನ್ರಿ ಅತ್ತಿ?"

"ಮತ್ತ? ಕಟ್ಟಿಹಾಕಾಕ ತಂದಿಯೇನು ಇದನ್ನ?"